ಪದಚರ್ಚೆ: ವೃಷಣದೊಳಗಿನ ಎಳೆಯ ಬೀಜಕಣ, ಹಾರ್ಮೋನ್ ‘ಮಾಡಿಸುವ’ ಕೆಲಸ

ಎಲ್ಲರಿಗೂ ನಮಸ್ಕಾರ.

ಕೆಲವು ಗಂಡುಮಕ್ಕಳಿಗೆ ಹುಟ್ಟಿದಾಗ ವೃಷಣ ಕೆಳಗೆ ಇಳಿದಿರುವುದಿಲ್ಲ. ಅಂಥ ಮಕ್ಕಳ ತಂದೆತಾಯಿಗಾಗಿ ಕನ್ನಡದಲ್ಲಿ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಆರು ತಿಂಗಳು ಕಾದು ನೋಡಿ, ಆಮೇಲೂ ಇಳಿಯದಿದ್ದರೆ ಒಂದು ವರ್ಷದೊಳಗೆ, ತಡವಾದರೂ ಒಂದೂವರೆ ವರ್ಷದೊಳಗೆ ಆಪರೇಷನ್ ಮಾಡಿಸಿ ಎಂದು ವೈದ್ಯರು ಹೇಳುತ್ತಾರೆ. ‘ಇಷ್ಟು ಎಳೆ ಮಗುವಿಗೆ ಯಾಕೆ ಅವಸರ? ದೊಡ್ಡವನಾದ ಮೇಲೆ ಮಾಡಿಸಿದರಾಯಿತು ಅಲ್ವಾ?’ ಎಂದು ಮನೆಯವರು ಕೇಳಿಯೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಉತ್ತರ ಇರುವುದು ವೃಷಣದೊಳಗಿನ ಒಂದು ಬಗೆಯ ಜೀವಕೋಶದಲ್ಲಿ. ಅದು ಎಲ್ಲಿಂದ ಬರುತ್ತದೆ, ಹಾರ್ಮೋನ್‌ಗಳು ಅದನ್ನು ಹೇಗೆ ಮುಂದಕ್ಕೆ ಸಾಗಿಸುತ್ತವೆ ಎಂದು ಎರಡು ಪುಟದಲ್ಲಿ ಹೇಳಬೇಕು. ಅಲ್ಲಿ ಪದಗಳು ಕೈಕೊಡುತ್ತಿವೆ. ಅದಕ್ಕೇ ಈ ಓಲೆ. ಸ್ವಲ್ಪ ಉದ್ದ ಆಗುತ್ತದೆ. ಆ ಕೋಶ ಏನು ಮಾಡುತ್ತದೆ ಎಂದು ಗೊತ್ತಿಲ್ಲದೆ ಅದಕ್ಕೆ ಹೆಸರಿಡಲು ಆಗದು.

ಮೊದಲಿಗೆ ‘ಜರ್ಮ್ ಸೆಲ್’. ಒಂದು ಆಸ್ಪತ್ರೆಯ ಕನ್ನಡ ಕರಪತ್ರದಲ್ಲಿ ಇದನ್ನು ‘ಸೂಕ್ಷ್ಮಾಣು ಕೋಶ’ ಎಂದು ಅಚ್ಚು ಹಾಕಿದ್ದಾರೆ. ಯಂತ್ರಾನುವಾದಕ್ಕೆ ಕೊಟ್ಟರೂ ಸಾಮಾನ್ಯವಾಗಿ ಅದೇ ಬರುತ್ತದೆ. ಆ ಕರಪತ್ರ ಓದಿದ ತಾಯಿಯೊಬ್ಬರು ‘ಮಗುವಿಗೆ ಸೋಂಕು ಆಗಿದೆಯಾ? ಔಷಧಿ ಕುಡಿಸಿದರೆ ಹೋಗಲ್ವಾ?’ ಎಂದು ಕೇಳಿದರು. ಅವರು ಸರಿಯಾಗಿಯೇ ಓದಿದ್ದಾರೆ. ಸೂಕ್ಷ್ಮಾಣು ಎಂದರೆ ನಮಗೆ ಕಾಯಿಲೆ ತರುವ ಜೀವಿ. ಆದರೆ ‘ಜರ್ಮ್’ನ ಮೂಲ ಲ್ಯಾಟಿನ್ನಿನ ‘ಗೆರ್ಮೆನ್’, ಅಂದರೆ ಮೊಳಕೆ, ಚಿಗುರು. ರೋಗಾಣು ಎಂಬ ಅರ್ಥ ಆ ಮೇಲೆ ಅಂಟಿಕೊಂಡದ್ದು. ಇಲ್ಲಿ ಬೇಕಾಗಿರುವುದು ಹಳೆಯ ಅರ್ಥ: ಮುಂದಿನ ಪೀಳಿಗೆ ಮೊಳೆಯುವುದು ಯಾವುದರಿಂದಲೋ ಆ ಕೋಶ.

ಹಾಗಾದರೆ ‘ಬೀಜ’ ಅನ್ನೋಣ ಎಂದರೆ ಅಲ್ಲೂ ಒಂದು ತೊಡಕು. ಆಡುಮಾತಿನಲ್ಲಿ ಬೀಜ ಎಂದರೆ ವೃಷಣವೇ. ‘ಮಗೂಗೆ ಒಂದು ಬೀಜ ಇಳಿದಿಲ್ಲ’ ಅಂತಲೇ ತಾಯಂದಿರು ಡಾಕ್ಟರ ಮುಂದೆ ಹೇಳುವುದು. ಹೋರಿಯನ್ನು ಎತ್ತು ಮಾಡುವುದಕ್ಕೆ ಹಳ್ಳಿಯಲ್ಲಿ ‘ಬೀಜ ಒಡೆಸುವುದು’ ಎನ್ನುತ್ತಾರೆ. ‘ತರಡು’ ಎಂಬ ಹಳೆಯ ಕನ್ನಡ ಪದ ಬೈಗುಳಕ್ಕೆ ಸೇರಿಹೋಗಿದೆ, ಕೈಪಿಡಿಯಲ್ಲಿ ಬಳಸಲು ಬಾರದು. ‘ಬೀಜಕೋಶ’ ಎಂದು ಬರೆದರೆ ಓದುಗರು ಅದನ್ನು ವೃಷಣದ ಚೀಲ ಎಂದುಕೊಳ್ಳುವ ಸಾಧ್ಯತೆ ಜಾಸ್ತಿ. ಆದ್ದರಿಂದ ನಾನು ‘ಬೀಜಕಣ’ ಎಂದು ಇಟ್ಟುಕೊಂಡಿದ್ದೇನೆ. ರಕ್ತಕಣ ಎಲ್ಲರಿಗೂ ಗೊತ್ತು. ಕಣ ಎಂದರೆ ಕಣ್ಣಿಗೆ ಕಾಣದಷ್ಟು ಚಿಕ್ಕದು, ದೇಹದೊಳಗೆ ಇರುವಂಥದು ಎಂಬುದು ಅದರಿಂದಲೇ ಹೊಳೆಯುತ್ತದೆ. ‘ಬೀಜಕ’ವನ್ನು ಶಿಲೀಂಧ್ರದ ಪಾಠದಲ್ಲಿ ಬೇರೆ ಅರ್ಥಕ್ಕೆ ಬಳಸುತ್ತಾರೆ. ಆದರೆ ಈ ಕೈಪಿಡಿ ಓದುವವರಿಗೆ ಅದು ಅಡ್ಡಬರಲಾರದು.

ಈ ಬೀಜಕಣ ಹುಟ್ಟುವುದು ವೃಷಣದಲ್ಲಲ್ಲ. ಭ್ರೂಣಕ್ಕೆ ನಾಲ್ಕನೇ ವಾರ ನಡೆಯುವಾಗ, ಅದು ಇನ್ನೂ ಕೆಲವೇ ಮಿಲಿಮೀಟರ್ ಉದ್ದ ಇರುವಾಗ, ಈ ಕಣಗಳು ಭ್ರೂಣದ ಹೊರಗೆ ಅದಕ್ಕೆ ಅಂಟಿಕೊಂಡ ಹಳದಿಚೀಲದ ಗೋಡೆಯಲ್ಲಿ ಕಾಣಿಸುತ್ತವೆ. ಆಗ ವೃಷಣ ಎಂಬುದೇ ಇಲ್ಲ. ಅಲ್ಲಿಂದ ಕರುಳಿನ ಹಿಂಭಾಗದ ಗುಂಟ ತೆವಳುತ್ತವೆ. ಕರುಳನ್ನು ಬೆನ್ನಿಗೆ ಹಿಡಿದಿಟ್ಟ ಪೊರೆಯನ್ನು ಹಾಯುತ್ತವೆ. ಐದಾರನೇ ವಾರದ ಹೊತ್ತಿಗೆ ಮುಂದೆ ವೃಷಣವೋ ಅಂಡಾಶಯವೋ ಆಗಲಿರುವ ಉಬ್ಬನ್ನು ಸೇರುತ್ತವೆ. ಇಲಿಯ ಭ್ರೂಣದಲ್ಲಿ ಎಣಿಸಿ ನೋಡಿದ್ದಾರೆ. ಮೊದಲು ಗುರುತಿಗೆ ಸಿಗುವಾಗ ಸುಮಾರು 45 ಕಣಗಳಿರುತ್ತವೆ. ದಾರಿಯುದ್ದಕ್ಕೂ ಒಡೆದು ಹೆಚ್ಚುತ್ತಾ, ತಲುಪುವಷ್ಟರಲ್ಲಿ ಸಾವಿರಗಟ್ಟಲೆ ಆಗಿರುತ್ತವೆ. ಈ ಹಂತದ ಹೆಸರಿಗೆ ‘ಆದಿ ಬೀಜಕಣ’ ಸಾಕು. ‘ಮೂಲ ಬೀಜಕಣ’ ಬೇಡ ಎನ್ನಲು ಕಾರಣ ಇದೆ. ‘ಸ್ಟೆಮ್ ಸೆಲ್’ಗೆ, ಅಂದರೆ ತಾನು ಮುಗಿಯದೆ ಬೇರೆ ಕೋಶಗಳನ್ನು ಕೊಡುತ್ತಾ ಹೋಗುವ ಕೋಶಕ್ಕೆ, ಕೆಲವರು ‘ಮೂಲಕೋಶ’ ಎನ್ನುತ್ತಾರೆ, ಎರಡೂ ಕಲಸಿಹೋಗುತ್ತವೆ. ಪತ್ರಿಕೆಗಳಲ್ಲಿ ಬರುವ ‘ಕಾಂಡಕೋಶ’ ಗಿಡದ ಕಾಂಡವನ್ನು ನೆನಪಿಗೆ ತರುತ್ತದೆ. ‘ಆಕರಕೋಶ’ ಎಂಬುದೇ ನನಗೆ ಹಿಡಿಸಿದ ಪದ.

ಇಲ್ಲಿಯವರೆಗೂ ಹಾರ್ಮೋನಿನ ಮಾತೇ ಬಂದಿಲ್ಲ. ಆದಿ ಬೀಜಕಣಗಳ ವಲಸೆಗೆ ದಾರಿ ತೋರುವುದು ಅಕ್ಕಪಕ್ಕದ ಕೋಶಗಳು ಬಿಡುವ ಸಣ್ಣ ಪ್ರೋಟೀನುಗಳು. ಅಲ್ಲಿ ತಲುಪಿದ ಮೇಲೂ ಗಂಡೋ ಹೆಣ್ಣೋ ಎಂಬುದನ್ನು ಬೀಜಕಣ ತಾನೇ ತೀರ್ಮಾನಿಸುವುದಿಲ್ಲ. ಆರನೇ ವಾರದ ಸುಮಾರಿಗೆ ಆ ಉಬ್ಬಿನ ಬೇರೆ ಕೆಲವು ಕೋಶಗಳಲ್ಲಿ ವೈ ವರ್ಣತಂತುವಿನ ಎಸ್‌ಆರ್‌ವೈ ಎಂಬ ಜೀನ್ ಎಚ್ಚರವಾಗುತ್ತದೆ. ಈ ಜೀನನ್ನು ಗುರುತಿಸಿದ್ದು 1990ರಲ್ಲಿ. ಆ ಕೋಶಗಳು ಸರ್ಟೋಲಿ ಕೋಶಗಳಾಗಿ, ಬೀಜಕಣಗಳನ್ನು ನಡುವೆ ಇಟ್ಟುಕೊಂಡು ಸುತ್ತುಗಟ್ಟಿ ಹುರಿಗಳಾಗುತ್ತವೆ. ‘ಹುರಿ’ ಇಲ್ಲಿ ಬಹಳ ಚೆನ್ನಾಗಿ ಕೂರುತ್ತದೆ, ನೋಡಿ. ಹರೆಯದವರೆಗೆ ಇವುಗಳಲ್ಲಿ ಟೊಳ್ಳು ಇರುವುದಿಲ್ಲ. ಟೊಳ್ಳಾದ ಮೇಲಷ್ಟೇ ‘ಕೊಳವೆ’ ಅನ್ನಬೇಕು. ಪಠ್ಯಗಳಲ್ಲಿ ಶುರುವಿನಿಂದಲೇ ಕೊಳವೆ ಎಂದು ಬರೆಯುತ್ತಾರೆ, ಅದು ಸರಿಯಲ್ಲ.

ಹುರಿಯೊಳಗೆ ಸೇರಿಕೊಂಡ ಬೀಜಕಣಕ್ಕೆ ಮೊದಲು ಸಿಗುವುದು ಒಂದು ತಡೆ. ಹೆಣ್ಣು ಭ್ರೂಣದಲ್ಲಿ ಬೀಜಕಣಗಳು ಗರ್ಭದಲ್ಲಿರುವಾಗಲೇ ಮಿಯಾಸಿಸ್ ಶುರುಮಾಡಿಬಿಡುತ್ತವೆ, ಅಂದರೆ ವರ್ಣತಂತುಗಳನ್ನು ಅರ್ಧಕ್ಕೆ ಇಳಿಸುವ ವಿಭಜನೆ. ಗಂಡಿನಲ್ಲಿ ಅದು ಹರೆಯದವರೆಗೆ ನಿಲ್ಲಬೇಕು. ವಿಟಮಿನ್ ಎ ಯಿಂದ ಆಗುವ ರೆಟಿನಾಯಿಕ್ ಆಮ್ಲ ಮಿಯಾಸಿಸ್ಸಿಗೆ ತಳ್ಳುತ್ತದೆ, ಸರ್ಟೋಲಿ ಕೋಶಗಳು ಒಂದು ಕಿಣ್ವದಿಂದ ಆ ಆಮ್ಲವನ್ನು ಒಡೆದುಹಾಕಿ ಬೀಜಕಣವನ್ನು ಕಾಯುತ್ತವೆ ಎಂದು 2006ರಲ್ಲಿ ಇಲಿಗಳ ಮೇಲೆ ಕೆಲಸ ಮಾಡಿದ ಎರಡು ಗುಂಪುಗಳು ತೋರಿಸಿದವು. ಅಂಡಾಶಯದಲ್ಲಿ ಆ ಆಮ್ಲ ಅಷ್ಟು ಅನಿವಾರ್ಯವೇ ಎಂಬುದರ ಬಗ್ಗೆ ಈಚೆಗೆ ವಾದ ಎದ್ದಿದೆ. ತಡೆ ಇರುವುದಂತೂ ದಿಟ. ಹೊರಗಿಂದ ಬರುವ ಸುದ್ದಿ ಬೀಜಕಣದವರೆಗೆ ಹೋಗಬೇಕೋ ಬೇಡವೋ ಎಂದು ನೋಡಿಕೊಳ್ಳುವುದು ಸರ್ಟೋಲಿ ಕೋಶ.

ನನ್ನ ಮುಖ್ಯ ಪ್ರಶ್ನೆ ಹುಟ್ಟುವುದು ಇಲ್ಲೇ. ಕನ್ನಡದ ಆರೋಗ್ಯ ಲೇಖನಗಳಲ್ಲಿ ‘ಟೆಸ್ಟೋಸ್ಟಿರಾನ್ ವೀರ್ಯಾಣುಗಳನ್ನು ಉತ್ಪಾದಿಸುತ್ತದೆ’, ‘ಎಫ್‌ಎಸ್‌ಎಚ್ ಹಾರ್ಮೋನ್ ಬೀಜಕೋಶಗಳನ್ನು ಅಭಿವೃದ್ಧಿಪಡಿಸುತ್ತದೆ’ ಎಂಬಂಥ ವಾಕ್ಯಗಳು ತುಂಬಾ ಸಿಗುತ್ತವೆ. ‘ಅಭಿವೃದ್ಧಿ’ ರಸ್ತೆಗೂ ಬಡಾವಣೆಗೂ ಇರಲಿ, ಜೀವಕ್ಕೆ ‘ಬೆಳವಣಿಗೆ’ ಇದೆ. ಅದಕ್ಕಿಂತ ದೊಡ್ಡ ತೊಂದರೆ ಕ್ರಿಯಾಪದದಲ್ಲಿದೆ. ಹಾರ್ಮೋನ್ ಇಲ್ಲಿ ಮಾಡುವುದಿಲ್ಲ, ಮಾಡಿಸುತ್ತದೆ. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಬರುವ ಎಫ್‌ಎಸ್‌ಎಚ್ ಹೋಗಿ ಕೂರುವುದು ಸರ್ಟೋಲಿ ಕೋಶದ ಮೇಲೆ. ಅದೇ ಗ್ರಂಥಿಯ ಎಲ್‌ಎಚ್ ಹೋಗಿ ಕೂರುವುದು ಹುರಿಗಳ ನಡುವಿನ ಸಂದಿಯಲ್ಲಿರುವ ಲೈಡಿಗ್ ಕೋಶದ ಮೇಲೆ. ಲೈಡಿಗ್ ಕೋಶ ಟೆಸ್ಟೋಸ್ಟಿರಾನ್ ತಯಾರಿಸುತ್ತದೆ. ಅದನ್ನು ಹಿಡಿದುಕೊಳ್ಳುವುದು ಮತ್ತೆ ಸರ್ಟೋಲಿ ಕೋಶ ಮತ್ತು ಹುರಿಯ ಹೊರಗೋಡೆಯ ಕೋಶಗಳು. ಬೀಜಕಣಕ್ಕೆ ಬಹುಪಾಲು ಸಿಗುವುದು ಸರ್ಟೋಲಿ ಕೊಟ್ಟದ್ದೇ.

ಇದಕ್ಕೆ ಒಳ್ಳೆಯ ಸಾಕ್ಷಿ ಇದೆ. ಟೆಸ್ಟೋಸ್ಟಿರಾನನ್ನು ಹಿಡಿಯುವ ಗ್ರಾಹಿಯೇ ಕೆಟ್ಟುಹೋದ ಇಲಿಗಳಿವೆ. ಅವು ಬಂಜೆ. ಅಂಥ ಇಲಿಯ ಬೀಜಕಣಗಳನ್ನು ತೆಗೆದು, ಗ್ರಾಹಿ ಸರಿಯಾಗಿರುವ ಇನ್ನೊಂದು ಇಲಿಯ ವೃಷಣಕ್ಕೆ ಸೇರಿಸಿದಾಗ ಅವು ಪೂರ್ತಿ ಬಲಿತು ವೀರ್ಯಾಣುಗಳಾದವು. 2001ರಲ್ಲಿ ಪ್ರಕಟವಾದ ಪ್ರಯೋಗ ಇದು. ಬೀಜಕಣಕ್ಕೆ ಟೆಸ್ಟೋಸ್ಟಿರಾನ್ ಗ್ರಾಹಿ ಇಲ್ಲದಿದ್ದರೂ ನಡೆಯಿತು, ಪಕ್ಕದ ಸರ್ಟೋಲಿಗೆ ಇದ್ದರೆ ಸಾಕಾಯಿತು. (ರಿಸೆಪ್ಟರಿಗೆ ‘ಗ್ರಾಹಕ’ ಎಂದು ಬರೆದರೆ ಅಂಗಡಿಯ ಗಿರಾಕಿ ಕಣ್ಮುಂದೆ ಬರುತ್ತಾನೆ. ‘ಗ್ರಾಹಿ’ ಇರಲಿ ಎಂದು ನನ್ನ ಆಸೆ.)

ಈ ‘ಮಾಡಿಸು’ವನ್ನು ಹೇಳಲು ಕನ್ನಡದಷ್ಟು ಅನುಕೂಲವಾದ ಭಾಷೆ ಇನ್ನೊಂದು ಬೇಕೆ? ‘ನಾನು ಅಂಗಿ ಹೊಲಿಸಿದೆ’ ಎಂದರೆ ಹೊಲಿದವನು ದರ್ಜಿ ಎಂದು ಯಾರೂ ವಿವರಿಸಬೇಕಿಲ್ಲ. ಒಂದು ‘ಇಸು’ ಸೇರಿದರೆ ನಡುವೆ ಇನ್ನೊಬ್ಬರಿದ್ದಾರೆ ಎಂಬುದು ತಾನಾಗಿ ತಿಳಿಯುತ್ತದೆ. ಹಾಗೆಯೇ ಸರ್ಟೋಲಿ ಕೋಶ ಬೀಜಕಣವನ್ನು ಸಾಕುತ್ತದೆ. ಎಫ್‌ಎಸ್‌ಎಚ್ ಸಾಕಿಸುತ್ತದೆ. ಸರ್ಟೋಲಿ ತಡೆಯುತ್ತದೆ, ಟೆಸ್ಟೋಸ್ಟಿರಾನ್ ತಡೆಸುತ್ತದೆ ಎಂದು ಎಲ್ಲ ಕಡೆ ಎಳೆಯಲು ಬರುವುದಿಲ್ಲ, ಸರಿ. ಆದರೆ ‘ಸಾಕಿಸು’, ‘ಉಣಿಸು’, ‘ಕಾಯಿಸು’ ಇವುಗಳಲ್ಲಿ ಯಾವುದನ್ನು ಇಲ್ಲಿ ನಿಸ್ಸಂಕೋಚವಾಗಿ ಬಳಸಬಹುದು? ‘ಕಾಯಿಸು’ ಎಂದರೆ ಹಾಲು ಕಾಯಿಸುವುದೂ ಬರುತ್ತದೆ. ‘ಉಣಿಸು’ ನೇರವಾಗಿ ತುತ್ತು ಕೊಟ್ಟಂತೆ ಆಗುತ್ತದೆ. ನನಗೆ ‘ಸಾಕಿಸು’ ಸರಿ ಅನ್ನಿಸುತ್ತದೆ. ನಿಮಗೆ?

‘ಹಾರ್ಮೋನ್’ ಎಂಬ ಪದವೂ ಇದಕ್ಕೆ ಹೊಂದುತ್ತದೆ. 1905ರಲ್ಲಿ ಲಂಡನ್ನಿನ ಸ್ಟಾರ್ಲಿಂಗ್ ಈ ಪದವನ್ನು ಬಳಕೆಗೆ ತಂದರು. ಗ್ರೀಕ್ ಮೂಲದಲ್ಲಿ ಅದು ‘ಎಬ್ಬಿಸು, ಹೊರಡಿಸು’ ಎಂಬ ಅರ್ಥದ ಕ್ರಿಯಾಪದ. ‘ಚೋದಕ’ದಲ್ಲಿ ಆ ಅರ್ಥ ಇದೆ. ‘ರಸದೂತ’ದಲ್ಲಿ ಸುದ್ದಿ ಒಯ್ಯುವ ಅರ್ಥ ಇದೆ. ಎರಡೂ ಚೆನ್ನಾದ ಪದಗಳು. ಆದರೂ ಕೈಪಿಡಿಯಲ್ಲಿ ‘ಹಾರ್ಮೋನ್’ ಎಂದೇ ಬಿಡುತ್ತೇನೆ. ಥೈರಾಯ್ಡ್ ಪರೀಕ್ಷೆಯಿಂದಾಗಿ ಅದು ಈಗ ಮನೆಮಾತು.

‘ಮಾಡಿಸು’ ಎಂದ ತಕ್ಷಣ ಹಾರ್ಮೋನ್ ಇಲ್ಲದೆ ಏನೂ ನಡೆಯದು ಎಂದೂ ಆಗಬಾರದು. 1977ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಬಗೆಯ ಇಲಿ ಸಿಕ್ಕಿತು. ಅದರ ಮೆದುಳು ಪಿಟ್ಯುಟರಿಯನ್ನು ಎಬ್ಬಿಸುವ ಹಾರ್ಮೋನನ್ನೇ ತಯಾರಿಸುವುದಿಲ್ಲ. ಹಾಗಿದ್ದೂ ಅದರ ಪುಟ್ಟ ವೃಷಣದಲ್ಲಿ ಬೀಜಕಣಗಳಿವೆ, ಮುಂದಿನ ಹಂತಕ್ಕೆ ಹೋಗದೆ ನಿಂತಿವೆ. 1997ರಲ್ಲಿ ಫಿನ್ಲೆಂಡಿನ ವಿಜ್ಞಾನಿಗಳು ಎಫ್‌ಎಸ್‌ಎಚ್ ಗ್ರಾಹಿ ಕೆಲಸ ಮಾಡದ 5 ಗಂಡಸರ ಬಗ್ಗೆ ಬರೆದರು. ಅವರ ವೀರ್ಯಾಣುಗಳ ಗುಣಮಟ್ಟ ಬೇರೆ ಬೇರೆ ಮಟ್ಟದಲ್ಲಿ ಕುಗ್ಗಿತ್ತು. ಆದರೆ ಒಬ್ಬರಲ್ಲೂ ವೀರ್ಯಾಣು ಪೂರ್ತಿ ಇಲ್ಲದೆ ಹೋಗಿರಲಿಲ್ಲ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಅವರ ತಂಡ ನಮ್ಮ ಊರುಗಳ ಮಾಮೂಲಿ ಕೋತಿಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿತ್ತು. ಎಫ್‌ಎಸ್‌ಎಚ್‌ಗೆ ಎದುರಾದ ಲಸಿಕೆ ಕೊಟ್ಟರೆ ಗಂಡುಕೋತಿಯ ವೀರ್ಯಾಣು ಕುಗ್ಗುತ್ತದೆ, ಸಂತಾನ ನಿಲ್ಲುತ್ತದೆ ಎಂದು ಅವರು ತೋರಿಸಿದರು. ಅಂದರೆ ಪ್ರಾಣಿಯಿಂದ ಪ್ರಾಣಿಗೂ, ಮನುಷ್ಯರಲ್ಲೇ ಒಬ್ಬರಿಂದ ಒಬ್ಬರಿಗೂ ಹಾರ್ಮೋನಿನ ಬಿಗಿ ಬೇರೆ. ಕನ್ನಡದ ವಾಕ್ಯದಲ್ಲಿ ‘ನಿಯಂತ್ರಿಸುತ್ತದೆ’ ಎಂದು ಎಲ್ಲದಕ್ಕೂ ಒಂದೇ ಮೊಳೆ ಹೊಡೆಯುವುದು ನನಗೆ ಒಪ್ಪಿಗೆಯಿಲ್ಲ. ಎಷ್ಟು ಮಾಡಿಸುತ್ತದೆ, ಯಾವಾಗ ಮಾಡಿಸುತ್ತದೆ ಎಂದು ಬಿಡಿಸಿ ಹೇಳಬೇಕು.

ಹೊರತೂ ಉಂಟು. ಆಗತಾನೆ ಹುಟ್ಟಿದ ಇಲಿಯ ಎಳೆಯ ಬೀಜಕಣಗಳನ್ನು ತೆಗೆದು ಗಾಜಿನ ತಟ್ಟೆಯಲ್ಲಿ ಬೆಳೆಸಿದಾಗ ಎಸ್ಟ್ರೋಜನ್ ಅವುಗಳನ್ನು ನೇರವಾಗಿಯೇ ಒಡೆದು ಹೆಚ್ಚುವಂತೆ ಮಾಡಿತು. ಹೆಣ್ಣಿನ ಹಾರ್ಮೋನ್ ಎಂದು ನಾವು ಕರೆಯುವ ಎಸ್ಟ್ರೋಜನ್ನೇ! ‘ಗಂಡು ಹಾರ್ಮೋನ್’, ‘ಹೆಣ್ಣು ಹಾರ್ಮೋನ್’ ಎಂಬ ಹೆಸರುಗಳನ್ನು ಕೈಪಿಡಿಯಿಂದ ತೆಗೆದುಬಿಟ್ಟಿದ್ದೇನೆ. ಇಬ್ಬರಲ್ಲೂ ಎರಡೂ ಇವೆ.

ಇನ್ನು ‘ಗೋನೋಸೈಟ್’. ಹುರಿಯೊಳಗೆ ಸೇರಿದ ಮೇಲೆ, ಆಕರಕೋಶ ಆಗುವ ಮೊದಲು, ನಡುವಿನ ಹಂತದ ಬೀಜಕಣಕ್ಕೆ ಇಂಗ್ಲಿಷಿನಲ್ಲಿ ಈ ಹೆಸರು. ಇಲಿಗಳ ಮೇಲಿನ ಅಧ್ಯಯನದಲ್ಲಿ ಕ್ಲೆರ್ಮಾಂಟ್ ಮತ್ತು ಪೆರೆ 1957ರಲ್ಲಿ ಇದನ್ನು ಬಳಸಿದರು, ಆಮೇಲೆ ಹರಡಿತು. ಅಲ್ಲೂ ಎಲ್ಲರೂ ಒಪ್ಪಿಕೊಂಡಿಲ್ಲ. ಒಬ್ಬರು ‘ಪ್ರೋಸ್ಪರ್ಮಟೊಗೋನಿಯಾ’ ಎನ್ನುತ್ತಾರೆ, ಇನ್ನೊಬ್ಬರು ‘ಪ್ರೀಸ್ಪರ್ಮಟೊಗೋನಿಯಾ’. ಹೆಚ್ಚುತ್ತಿರುವುದು, ಸುಮ್ನೆ ಕೂತಿರುವುದು, ಮತ್ತೆ ಹೆಚ್ಚಲು ಹೊರಟಿರುವುದು ಎಂದು ಇದರಲ್ಲೇ ಮೂರು ಒಳಹಂತ ಮಾಡಿದವರೂ ಇದ್ದಾರೆ. ಇಲಿಯಲ್ಲಿ ಈ ಹಂತಗಳು ಸಾಲಾಗಿ ಬರುತ್ತವೆ. ಗರ್ಭದ ಕೊನೆಯ ವಾರದಲ್ಲಿ ಎಲ್ಲವೂ ಒಟ್ಟಿಗೆ ನಿಂತು, ಹುಟ್ಟಿದ ಕೆಲವು ದಿನಕ್ಕೆ ಮತ್ತೆ ಹೊರಡುತ್ತವೆ. ಮನುಷ್ಯರಲ್ಲಿ ಹಾಗಿಲ್ಲ. ಒಂದೇ ಹುರಿಯಲ್ಲಿ ಒಂದು ಕಣ ಮುಂದೆ ಹೋಗಿರುತ್ತದೆ, ಪಕ್ಕದ್ದು ಹಿಂದೆಯೇ ಇರುತ್ತದೆ.

ಇದಕ್ಕೆ ನನ್ನ ಪ್ರಸ್ತಾಪ ‘ಎಳೆಯ ಬೀಜಕಣ’. ‘ಎಳೆ’ ನಮ್ಮಲ್ಲಿ ಬರೀ ವಯಸ್ಸಿನ ಮಾತಲ್ಲ. ಎಳನೀರು, ಎಳೆ ಸೌತೆಕಾಯಿ, ಎಳೆ ಬಿಸಿಲು ಎನ್ನುವಾಗ ಇನ್ನೂ ಬಲಿಯಬೇಕಾದ್ದು ಎಂಬ ಸುಳಿವು ಅದರಲ್ಲೇ ಇದೆ. ಅದರ ಜತೆಗೆ ‘ಬಲಿ’ ಎಂಬ ಕ್ರಿಯಾಪದ ತಾನಾಗಿ ಬರುತ್ತದೆ: ಎಳೆಯ ಬೀಜಕಣ ಬಲಿತು ಆಕರಕಣ (ಬೀಜಕಣಗಳ ಆಕರಕೋಶಕ್ಕೆ ನಾನಿಟ್ಟ ಹೆಸರು) ಆಗುತ್ತದೆ. ‘ರೂಪಾಂತರಗೊಳ್ಳುತ್ತದೆ’ ಎನ್ನುವುದಕ್ಕಿಂತ ಇದು ಸಾವಿರ ಪಾಲು ಮೇಲು. ಒಂದೇ ಅನುಮಾನ ಉಳಿದಿದೆ. ‘ಎಳೆ’ ಎಂದರೆ ನೂಲಿನ ಎಳೆಯೂ ಹೌದು. ಹುರಿಯ ಮಾತು ಪಕ್ಕದಲ್ಲೇ ಇರುವಾಗ ‘ಎಳೆ ಬೀಜಕಣ’ ಎಂದರೆ ದಾರದಂಥದ್ದು ಎಂದು ಯಾರಾದರೂ ಓದಿಯಾರು. ‘ಎಳೆಯ’ ಎಂದರೆ ಆ ತೊಡಕು ಇಲ್ಲ ಎಂದುಕೊಂಡಿದ್ದೇನೆ. ನಿಮ್ಮ ಕಡೆಯ ಮಾತಿನಲ್ಲಿ ಹೇಗೆ ಕೇಳುತ್ತದೆ, ಹೇಳಿ. ಧಾರವಾಡ, ಕುಂದಾಪುರದ ಕಡೆಯವರ ಕಿವಿ ಇಲ್ಲಿ ಬೇಕು.

ಆಪರೇಷನ್ನಿನ ಅವಸರಕ್ಕೆ ಕಾರಣವೂ ಈ ಬಲಿಯುವಿಕೆಯಲ್ಲೇ ಇದೆ. ಎಳೆಯ ಬೀಜಕಣ ಮೊದಲು ಹುರಿಯ ನಡುವೆ ಇರುತ್ತದೆ. ಬಲಿಯಬೇಕಾದರೆ ಅದು ಅಂಚಿಗೆ ಸರಿದು ಹುರಿಯ ಹೊರಪೊರೆಯನ್ನು ಮುಟ್ಟಬೇಕು. ಅಲ್ಲಿ ತಳ ಊರಿದ್ದೇ ಆಕರಕಣ ಆಗುತ್ತದೆ, ಜೀವನಪೂರ್ತಿ ವೀರ್ಯಾಣು ಕೊಡುತ್ತದೆ. ನಡುವಿನಲ್ಲೇ ಉಳಿದವು ಸಾಮಾನ್ಯವಾಗಿ ಸಾಯುತ್ತವೆ. ಆಕರಕಣ ಮುಗಿದುಹೋಗದಂತೆ ನೋಡಿಕೊಳ್ಳುವುದೂ ಸರ್ಟೋಲಿ ಕೋಶವೇ. ಜಿಡಿಎನ್‌ಎಫ್ ಎಂಬ ಅದರ ಪ್ರೋಟೀನ್ ಅರ್ಧಕ್ಕೆ ಇಳಿದ ಇಲಿಗಳಲ್ಲಿ ಆಕರಕಣಗಳು ಖಾಲಿಯಾಗುತ್ತಾ ಹೋದವು, ಅತಿಯಾದ ಇಲಿಗಳಲ್ಲಿ ಬಲಿಯದೆ ಗುಂಪುಗಟ್ಟಿದವು. ಆ ಪ್ರೋಟೀನನ್ನು ಹೆಚ್ಚು ಮಾಡಿಸುವ ಒಂದು ಕೈ ಎಫ್‌ಎಸ್‌ಎಚ್‌ನದು.

ಮಗುವಿನಲ್ಲಿ ಇದು ನಡೆಯುವುದು ಹುಟ್ಟಿದ ಮೊದಲ ವರ್ಷದಲ್ಲಿ. ಸುಮಾರು ಮೂರನೇ ತಿಂಗಳಿನಿಂದ ಶುರು. ಕಾರಣ ಇದು: ಗರ್ಭದಲ್ಲಿದ್ದಾಗ ಕಸದಿಂದ ಬರುವ ಎಸ್ಟ್ರೋಜನ್ ಮಗುವಿನ ಪಿಟ್ಯುಟರಿಯನ್ನು ಅದುಮಿಟ್ಟಿರುತ್ತದೆ. (ಇಲ್ಲಿ ಕಸ ಎಂದರೆ ಹೆರಿಗೆಯ ಕಸ. ಕೈಪಿಡಿಯಲ್ಲೂ ‘ಜರಾಯು’ ಬರೆಯುವುದಿಲ್ಲ, ‘ಮಾಸು’ ಎಂದೋ ‘ಕಸ’ ಎಂದೋ ಬರೆಯುತ್ತೇನೆ.) ಹೆರಿಗೆಯಾಗಿ ಕಸ ಬಿದ್ದ ಮೇಲೆ ಆ ಅದುಮು ಹೋಗುತ್ತದೆ. ಒಂದು ವಾರ ಕಳೆಯುವಷ್ಟರಲ್ಲಿ ಎಲ್‌ಎಚ್, ಎಫ್‌ಎಸ್‌ಎಚ್ ಏರತೊಡಗುತ್ತವೆ. ಒಂದರಿಂದ ಮೂರು ತಿಂಗಳ ನಡುವೆ ಟೆಸ್ಟೋಸ್ಟಿರಾನ್ ಹರೆಯಕ್ಕೆ ಕಾಲಿಟ್ಟ ಹುಡುಗನ ಮಟ್ಟಕ್ಕೆ ಹತ್ತಿರ ಹೋಗುತ್ತದೆ. ಆರು ತಿಂಗಳ ಹೊತ್ತಿಗೆ ಇಳಿದು ಹತ್ತು ವರ್ಷ ಸುಮ್ಮನಾಗುತ್ತದೆ. ಇಂಗ್ಲಿಷಿನಲ್ಲಿ ‘ಮಿನಿಪ್ಯುಬರ್ಟಿ’.

ಹಾಗಾದರೆ ಮೂರು ತಿಂಗಳ ಕೂಸಿಗೇ ಯಾಕೆ ಹರೆಯ ಬರುವುದಿಲ್ಲ? ವೀರ್ಯಾಣು ಯಾಕೆ ಆಗುವುದಿಲ್ಲ? ಇದು ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಭಾಗ. ಹಸುಗೂಸಿನ ಸರ್ಟೋಲಿ ಕೋಶದಲ್ಲಿ ಟೆಸ್ಟೋಸ್ಟಿರಾನ್ ಗ್ರಾಹಿ ಇಲ್ಲ ಎನ್ನುವಷ್ಟು ಕಡಿಮೆ. ನಾಲ್ಕೈದು ವರ್ಷದ ಮೇಲಷ್ಟೇ ನಿಧಾನವಾಗಿ ಕಾಣಿಸಿಕೊಳ್ಳುತ್ತದೆ. ಸುತ್ತಲೂ ಟೆಸ್ಟೋಸ್ಟಿರಾನ್ ತುಂಬಿದ್ದರೂ ಸರ್ಟೋಲಿಗೆ ಅದರ ಕರೆ ಕೇಳಿಸುವುದಿಲ್ಲ. ಎಫ್‌ಎಸ್‌ಎಚ್ ಮಾತ್ರ ಕೇಳಿಸುತ್ತದೆ. ಅದು ಸರ್ಟೋಲಿಗಳ ಸಂಖ್ಯೆ ಹೆಚ್ಚಿಸುತ್ತದೆ. ಹೀಗೆ ಬೀಜಕಣ ಒಂದು ಮೆಟ್ಟಿಲು ಮಾತ್ರ ಹತ್ತಿ, ಅಂಚಿಗೆ ಸರಿದು, ಅಲ್ಲೇ ಕಾಯುತ್ತದೆ. ಸರ್ಟೋಲಿ ಎಷ್ಟಿವೆಯೋ ಅದರ ಮೇಲೆ ಮುಂದೆ ವೀರ್ಯಾಣು ಎಷ್ಟಾಗಬಹುದು ಎಂಬುದು ನಿಲ್ಲುತ್ತದೆ, ಯಾಕೆಂದರೆ ಒಂದು ಸರ್ಟೋಲಿ ಸಾಕಬಲ್ಲ ಬೀಜಕಣಗಳಿಗೆ ಮಿತಿ ಇದೆ. ಥೈರಾಯ್ಡ್ ಹಾರ್ಮೋನ್ ಸರ್ಟೋಲಿಗಳ ಹೆಚ್ಚುವಿಕೆಯನ್ನು ನಿಲ್ಲಿಸಿ ಅವನ್ನು ಬಲಿಯಿಸುತ್ತದೆ. ಹುಟ್ಟಿದ ಇಲಿಮರಿಗಳಲ್ಲಿ ಥೈರಾಯ್ಡನ್ನು ಕೆಲವು ವಾರ ತಗ್ಗಿಸಿದಾಗ ಅವು ದೊಡ್ಡವಾದ ಮೇಲೆ ವೃಷಣವೂ ದೊಡ್ಡದಾಯಿತು, ವೀರ್ಯಾಣುವೂ ಜಾಸ್ತಿಯಾಯಿತು. ಮಕ್ಕಳಲ್ಲಿ ಥೈರಾಯ್ಡ್ ಕಡಿಮೆಯಾದರೆ ಮೆದುಳಿಗೆ ಪೆಟ್ಟು, ಅದಕ್ಕೆ ಕೂಡಲೇ ಔಷಧಿ ಬೇಕು. ಅದನ್ನು ಇಲ್ಲಿ ಒತ್ತಿ ಹೇಳಲೇಬೇಕು.

‘ಮಿನಿಪ್ಯುಬರ್ಟಿ’ಗೆ ನಾನು ‘ಕಿರುಹರೆಯ’ ಎಂದು ಬರೆದಿದ್ದೇನೆ. ಪದ ಚೆನ್ನಾಗಿದೆ, ಆದರೆ ಹೆದರಿಸುತ್ತದೆ. ಮೂರು ತಿಂಗಳ ಕೂಸಿಗೆ ಹರೆಯ ಎಂದು ಓದಿದ ತಾಯಿ ಗಾಬರಿಯಾಗದೆ ಇರುತ್ತಾಳೆಯೇ? ‘ಹಸುಗೂಸಿನ ಹಾರ್ಮೋನ್ ಏರಿಕೆ’ ಎಂದರೆ ಸರಿಯಾಗಿದೆ, ಆದರೆ ಅದು ಹೆಸರಾಗಲಿಲ್ಲ, ವಿವರಣೆ ಆಯಿತು. ನಮ್ಮ ಹಿರಿಯರಿಗೆ ಕೂಸಿನಲ್ಲಿ ಹೀಗೆ ಏನೋ ನಡೆಯುತ್ತದೆ ಎಂಬುದು ಗೊತ್ತೇ ಇತ್ತು. ಆಗತಾನೆ ಹುಟ್ಟಿದ ಮಗುವಿನ ಎದೆ ಊದಿಕೊಂಡು ಒಂದೆರಡು ಹನಿ ಹಾಲು ಬರುವುದನ್ನು ಬಾಣಂತನ ಮಾಡಿಸುವ ಅಜ್ಜಿಯರು ನೋಡಿದ್ದಾರೆ. ಅದು ಹೆಚ್ಚಾಗಿ ತಾಯಿಯಿಂದ ಬಂದ ಹಾರ್ಮೋನಿನ ಕೆಲಸ. ತಾನಾಗಿ ಹೋಗುತ್ತದೆ, ಹಿಂಡಬಾರದು, ಹಿಂಡಿದರೆ ಕೀವಾಗುತ್ತದೆ. ಈ ಹೊತ್ತಿಗೆ, ಈ ಬದಲಾವಣೆಗಳಿಗೆ ನಿಮ್ಮ ಊರಿನಲ್ಲಿ ಏನಾದರೂ ಹೆಸರು ಇದೆಯೇ? ಇದ್ದರೆ ನನಗೆ ಚಿನ್ನ ಸಿಕ್ಕಂತೆ.

ಇಳಿಯದ ವೃಷಣಕ್ಕೆ ಬರುತ್ತೇನೆ. ತಿಂಗಳು ತುಂಬಿ ಹುಟ್ಟಿದ 100 ಗಂಡುಮಕ್ಕಳಲ್ಲಿ ಸುಮಾರು 3 ಮಕ್ಕಳಿಗೆ ಹೀಗಿರುತ್ತದೆ, ಅವಧಿಗೆ ಮೊದಲೇ ಹುಟ್ಟಿದವರಲ್ಲಿ ಇನ್ನೂ ಬಹಳ ಜಾಸ್ತಿ. ಕಿರುಹರೆಯದ ಹಾರ್ಮೋನ್ ಏರುವಾಗ ಹಲವರಿಗೆ ತಾನಾಗಿ ಇಳಿಯುತ್ತದೆ. ಒಂದು ವರ್ಷದ ಹೊತ್ತಿಗೆ 100ಕ್ಕೆ ಸುಮಾರು 1 ಮಾತ್ರ ಉಳಿಯುತ್ತದೆ. ಆರು ತಿಂಗಳು ದಾಟಿದ ಮೇಲೆ ತಾನಾಗಿ ಇಳಿಯುವುದು ಅಪರೂಪ. ಚೀಲದೊಳಗೆ ಮೈಗಿಂತ ಎರಡರಿಂದ ನಾಲ್ಕು ಡಿಗ್ರಿ ತಂಪು. ಹೊಟ್ಟೆಯೊಳಗಿನ ಬಿಸಿಯಲ್ಲಿ, ಜತೆಗೆ ಹಾರ್ಮೋನಿನ ಏರಿಕೆಯೂ ಕಡಿಮೆಯಿದ್ದರೆ, ಎಳೆಯ ಬೀಜಕಣಗಳು ಅಂಚಿಗೆ ಸರಿದು ಬಲಿಯುವುದು ನಿಂತುಹೋಗುತ್ತದೆ. ದಿನ ಹೋದಂತೆ ಅವುಗಳ ಸಂಖ್ಯೆ ಇಳಿಯುತ್ತದೆ. ‘ದೊಡ್ಡವನಾದ ಮೇಲೆ’ ಎಂದು ಕಾದರೆ ಸಾಕಲು ಸರ್ಟೋಲಿ ಇರುತ್ತದೆ, ಸಾಕಿಸಿಕೊಳ್ಳಲು ಆಕರಕಣ ಕಡಿಮೆ ಇರುತ್ತದೆ.

ಬಲಿಯದೆ ಉಳಿದ ಕಣಗಳಲ್ಲಿ ಕೆಲವು ಸಾಯದೆ ಉಳಿಯುವುದೂ ಉಂಟು. ಕೋಪನ್‌ಹೇಗನ್ನಿನ ನೀಲ್ಸ್ ಸ್ಕಕೆಬೆಕ್ 1972ರಲ್ಲಿ ಮಕ್ಕಳಾಗದ ಇಬ್ಬರು ಗಂಡಸರ ವೃಷಣದಲ್ಲಿ ವಿಚಿತ್ರ ಬೀಜಕಣಗಳನ್ನು ಕಂಡಿದ್ದನ್ನು ಬರೆದರು. ಇಬ್ಬರಿಗೂ ಆಮೇಲೆ ವೃಷಣದ ಕ್ಯಾನ್ಸರ್ ಬಂತು. ಆ ಕಣಗಳಿಗೂ ಭ್ರೂಣದ ಎಳೆಯ ಬೀಜಕಣಗಳಿಗೂ ಬಹಳ ಹೋಲಿಕೆ ಇದೆ. ಭ್ರೂಣದಲ್ಲಷ್ಟೇ ಕಾಣಬೇಕಾದ ಪ್ರೋಟೀನುಗಳು ಇವುಗಳಲ್ಲೂ ಸಿಗುತ್ತವೆ. ಬಲಿಯುವ ಹೊತ್ತಿನಲ್ಲಿ ಬಲಿಯದೆ ನಿಂತು, ಹರೆಯದ ಹಾರ್ಮೋನ್ ಬಂದಾಗ ಹೆಚ್ಚತೊಡಗಿದವು ಇವು ಎಂದು ಈಗ ತಿಳಿಯಲಾಗಿದೆ. ಇದನ್ನು ತಂದೆತಾಯಿಗೆ ಹೇಳುವಾಗ ‘ಅಪಕ್ವ ಜನನಾಂಗೀಯ ಕೋಶಗಳ ಅರ್ಬುದಪೂರ್ವ ಸ್ಥಿತಿ’ ಎಂದು ಬರೆಯಲು ನನಗೆ ಮನಸ್ಸಿಲ್ಲ. ‘ಬಲಿಯದೆ ಉಳಿದ ಬೀಜಕಣ’ ಸಾಕು ಅಲ್ವಾ? ಇಳಿಯದ ವೃಷಣ ಇದ್ದವರಲ್ಲಿ ಈ ಕ್ಯಾನ್ಸರಿನ ಸಾಧ್ಯತೆ ಉಳಿದವರಿಗಿಂತ ಹೆಚ್ಚು, ಆದರೂ ಒಟ್ಟಾರೆ ಅದು ಅಪರೂಪವೇ. ಹರೆಯಕ್ಕೆ ಮೊದಲು ಆಪರೇಷನ್ ಆದರೆ ಆ ಅಪಾಯ ಇನ್ನೂ ತಗ್ಗುತ್ತದೆ. ಇಷ್ಟನ್ನು ಹೆದರಿಸದೆ ಹೇಳಬೇಕು.

ಈಗ ಕೈಪಿಡಿಯ ಕರಡಿನಲ್ಲಿರುವ ಸಾಲುಗಳನ್ನು ಇಲ್ಲಿ ಇಡುತ್ತೇನೆ. ದಯವಿಟ್ಟು ಕೈಹಾಕಿ ತಿದ್ದಿ:

‘ನಿಮ್ಮ ಮಗುವಿನ ವೃಷಣದೊಳಗೆ ಎಳೆಯ ಬೀಜಕಣಗಳಿವೆ. ಮೊದಲ ವರ್ಷದಲ್ಲಿ ಅವು ಬಲಿತು ಆಕರಕಣಗಳಾಗಬೇಕು. ಪಕ್ಕದ ಸರ್ಟೋಲಿ ಕೋಶಗಳು ಅವನ್ನು ಸಾಕುತ್ತವೆ. ಮೆದುಳಿನ ಬುಡದಿಂದ ಬರುವ ಹಾರ್ಮೋನ್‌ಗಳು ಸಾಕಿಸುತ್ತವೆ. ವೃಷಣ ಹೊಟ್ಟೆಯ ಬಿಸಿಯಲ್ಲಿ ಉಳಿದರೆ ಈ ಕೆಲಸ ಕುಂಟುತ್ತದೆ. ಅದಕ್ಕೇ ಈಗಲೇ ಅದನ್ನು ಚೀಲಕ್ಕೆ ಇಳಿಸಿ ಕೂರಿಸುತ್ತಾರೆ.’

ಸರ್ಟೋಲಿಯನ್ನು ‘ದಾದಿಕೋಶ’ ಅಥವಾ ‘ಸಾಕುಕೋಶ’ ಎಂದು ಮಾಡೋಣವೇ ಎಂಬುದೂ ತಲೆಯಲ್ಲಿದೆ. 1865ರಲ್ಲಿ ಇವನ್ನು ಮೊದಲು ವಿವರಿಸಿದ ಎನ್ರಿಕೊ ಸರ್ಟೋಲಿ ‘ಕವಲೊಡೆದ ಕೋಶ’ ಎಂದಷ್ಟೇ ಕರೆದಿದ್ದರು, ಕೆಲಸ ಏನೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಡಾಕ್ಟರ ಬಾಯಲ್ಲಿ ಸರ್ಟೋಲಿ ಎಂದೇ ಕೇಳುವ ತಂದೆತಾಯಿಗೆ ಕೈಪಿಡಿಯಲ್ಲಿ ಬೇರೆ ಹೆಸರು ಕೊಟ್ಟರೆ ಗೊಂದಲ ಆಗಬಹುದು. ಮೊದಲ ಸಲ ‘ಸರ್ಟೋಲಿ ಎಂಬ ಸಾಕುಕೋಶ’ ಎಂದು ಬರೆದು, ಆಮೇಲೆ ಸಾಕುಕೋಶ ಎಂದೇ ಮುಂದುವರಿಸುವುದು ಒಂದು ದಾರಿ. ಮಕ್ಕಳ ವೈದ್ಯರು, ನರ್ಸ್ ಅಕ್ಕಂದಿರು ಈ ಪಟ್ಟಿಯಲ್ಲಿ ಇದ್ದೀರಿ, ನೀವು ಒಪಿಡಿಯಲ್ಲಿ ಏನು ಹೇಳುತ್ತೀರಿ? ‘ಕಿರುಹರೆಯ’ಕ್ಕಿಂತ ಮೆದುವಾದ ಪದ ಯಾರಿಗಾದರೂ ಹೊಳೆದರೆ ಅದನ್ನು ಮೊದಲು ಬರೆಯಿರಿ. ಆ ಪುಟ ಮಾತ್ರ ಅಚ್ಚಿಗೆ ಹೋಗದೆ ನಿಂತಿದೆ.